ಪಂತಾನಿಯ ರೇಸ್ ನೋಡುವುದು ಹೇಗೆ: ಯಾವುದು ಮೊದಲು, ಕಣ್ಣು ಎಲ್ಲಿಡಬೇಕು

ಇಟಲಿಯ ಸೈಕಲ್ ಸವಾರ ಮಾರ್ಕೊ ಪಂತಾನಿ ಗೆದ್ದ ರೇಸ್‌ಗಳ ಪಟ್ಟಿ ಹಿಡಿದು ಕೂತರೆ ಅವನು ಯಾಕೆ ಅಷ್ಟು ದೊಡ್ಡ ಹೆಸರಾದ ಅನ್ನೋದು ತಲೆಗೆ ಹತ್ತುವುದಿಲ್ಲ. ಇಟಲಿಯ ದೊಡ್ಡ ರೇಸ್ ಜಿರೋ ದಿತಾಲಿಯಾ ಒಂದು, ಫ್ರಾನ್ಸಿನ ಟೂರ್ ಡಿ ಫ್ರಾನ್ಸ್ ಒಂದು, ಎರಡೂ 1998ರಲ್ಲೇ. ಒಂದೊಂದು ದಿನದ ಓಟ, ಅಂದರೆ ಬಿಡಿ ಸ್ಟೇಜ್‌ಗಳು ಜಿರೋದಲ್ಲಿ ಎಂಟು, ಟೂರ್‌ನಲ್ಲಿ ಎಂಟು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 1995ರ ಒಂದು ಕಂಚು. ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಜಿರೋ, ಟೂರ್ ಎರಡನ್ನೂ ಐದೈದು ಸಲ ಗೆದ್ದಿದ್ದಾನೆ. ಆದರೂ ಇಟಲಿಯಲ್ಲಿ ಬೆಟ್ಟದ ರಸ್ತೆಗಳ ಡಾಂಬರಿನ ಮೇಲೆ ಜನ ಈಗಲೂ ಬಣ್ಣದಲ್ಲಿ ಬರೆಯುವುದು 2004ರಲ್ಲಿ ತೀರಿಕೊಂಡ ಈ ಬೋಳುತಲೆಯವನ ಹೆಸರನ್ನು. ಇದು ಅರ್ಥವಾಗಬೇಕಾದರೆ ರೇಸ್ ನೋಡಬೇಕು. ಅದಕ್ಕೂ ಒಂದು ಕ್ರಮವಿದೆ.

ನಾನು ವಿಜಯಪುರದವನು. ಒಂದು ಕಾಲಕ್ಕೆ ರಾಜ್ಯ ಮಟ್ಟದಲ್ಲಿ ಓಡಿಸಿದವನು, ಈಗ ಹಗಲು ಸೈಕಲ್ ರಿಪೇರಿ ಅಂಗಡಿ, ಬೆಳಗಿನ ಜಾವ ಹುಡುಗ ಹುಡುಗಿಯರಿಗೆ ತರಬೇತಿ. ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳು ಸೈಕ್ಲಿಂಗ್‌ನಲ್ಲಿ ದೇಶಮಟ್ಟಕ್ಕೆ ಹೋಗುವುದು ಹೊಸದೇನಲ್ಲ. ಆದರೆ ನಮ್ಮದು ಬಯಲು. ಸಿಂದಗಿ ರಸ್ತೆಯಲ್ಲಿ ಎದುರುಗಾಳಿಗೆ ಮೈ ಬಗ್ಗಿಸಿ ಓಡಿಸುವುದು ಇಲ್ಲಿನ ಮಕ್ಕಳಿಗೆ ಹುಟ್ಟಾ ಬರುತ್ತದೆ, ಒಂದು ತಾಸು ಬಿಡದೆ ಏರುವ ರಸ್ತೆ ಹೇಗಿರುತ್ತದೆ ಅನ್ನೋದು ಬರುವುದಿಲ್ಲ. ಅದಕ್ಕೇ ಮಳೆ ಬಂದು ರಸ್ತೆ ಬಿಟ್ಟ ದಿನ ಅಂಗಡಿಯ ಹಳೆಯ ಟಿವಿಗೆ ಮೊಬೈಲ್ ಜೋಡಿಸಿ ಪಂತಾನಿಯನ್ನು ಹಾಕುತ್ತೇನೆ. ಮೊದಲ ಹತ್ತು ನಿಮಿಷದಲ್ಲೇ ಯಾರಾದರೂ ಕೇಳಿಯೇ ಕೇಳುತ್ತಾರೆ: "ಸರ, ಎಲ್ಲಾರೂ ಕೂಡೇ ಹೊಂಟಾರಲ್ರೀ, ಗೆಲ್ಲಾಕತ್ತಾವ ಯಾರು?"

ಸರಿಯಾದ ಪ್ರಶ್ನೆ. ಅಲ್ಲಿಂದಲೇ ಶುರು ಮಾಡೋಣ.

ಜಿರೋ, ಟೂರ್ ಎರಡೂ ಸುಮಾರು ಮೂರು ವಾರದ ರೇಸ್. ದಿನಕ್ಕೊಂದು ಸ್ಟೇಜ್. ಪ್ರತಿ ದಿನದ ಸಮಯವನ್ನು ಕೂಡಿಸುತ್ತಾ ಹೋಗುತ್ತಾರೆ, ಕೊನೆಗೆ ಒಟ್ಟು ಸಮಯ ಯಾರದು ಕಡಿಮೆಯೋ ಅವನದೇ ಗೆಲುವು. ಅಲ್ಲಿಯವರೆಗೆ ಮುಂದಿರುವವನಿಗೆ ಜಿರೋದಲ್ಲಿ ಗುಲಾಬಿ ಜೆರ್ಸಿ, ಟೂರ್‌ನಲ್ಲಿ ಹಳದಿ. ಅಂದರೆ ಇವತ್ತು ಮೊದಲು ಬಂದವನು ಒಟ್ಟಾರೆ ಐವತ್ತನೆಯವನಿರಬಹುದು, ಅವನನ್ನು ಯಾರೂ ಅಟ್ಟಿಸಿಕೊಂಡು ಹೋಗದಿರಬಹುದು. ಅದಕ್ಕೆ ರೇಸ್ ಹಾಕುವ ಮೊದಲು ಒಂದು ಚೀಟಿ ತಗೊಳ್ಳಿ. ಆ ದಿನ ಬೆಳಿಗ್ಗೆ ಒಟ್ಟು ಸಮಯದಲ್ಲಿ ಮೊದಲ ನಾಲ್ಕೈದು ಸ್ಥಾನದಲ್ಲಿ ಯಾರಿದ್ದರು, ಎಷ್ಟು ಅಂತರ ಅಂತ ಬರೆದುಕೊಳ್ಳಿ. ಈ ಒಂದು ಚೀಟಿ ಇಲ್ಲದೆ ಬೆಟ್ಟದ ಸ್ಟೇಜ್ ನೋಡುವುದು ಸ್ಕೋರ್ ಗೊತ್ತಿಲ್ಲದೆ ಕೊನೆಯ ಓವರ್ ನೋಡಿದಂತೆ.

ಇನ್ನೊಂದು ವಿಷಯ, ಬಯಲಿನಲ್ಲಿ ಓಡಿಸಿದವರಿಗೆ ಕೂಡಲೇ ತಿಳಿಯುತ್ತದೆ. ಸಮತಟ್ಟು ರಸ್ತೆಯಲ್ಲಿ ಮುಂದಿನವನ ಚಕ್ರಕ್ಕೆ ಅಂಟಿಕೊಂಡರೆ ಗಾಳಿ ಅವನಿಗೆ, ಆರಾಮ ನಿಮಗೆ. ಏರು ಶುರುವಾಗಿ ವೇಗ ಬಿದ್ದಾಗ ಆ ಲಾಭ ಕರಗುತ್ತದೆ. ಉಳಿಯುವುದು ಮೈತೂಕ, ಶ್ವಾಸ, ಕಾಲು. ಅದಕ್ಕೇ ಬಂಚ್, ಅಂದರೆ ಒಟ್ಟಿಗೆ ಹೋಗುವ ಸವಾರರ ದೊಡ್ಡ ಗುಂಪು, ಒಡೆಯುವುದು ಬೆಟ್ಟದಲ್ಲಿ. ಪಂತಾನಿ 1.72 ಮೀಟರ್ ಎತ್ತರ, 57 ಕಿಲೋ ಆಸುಪಾಸಿನ ಮನುಷ್ಯ. ಅವನ ಕಥೆಯೆಲ್ಲ ಏರಿನಲ್ಲೇ ನಡೆದದ್ದು.

ಈಗ ವಿಡಿಯೋ ಹುಡುಕುವ ಮಾತು. ಅವನ ಹೆಸರು ಹಾಕಿದರೆ ಮೊದಲು ಬರುವುದು ಮೂರು ನಿಮಿಷದ ತುಣುಕುಗಳು, ಹಿನ್ನೆಲೆಯಲ್ಲಿ ಪಿಯಾನೋ, ಕೊನೆಗೆ ಕಪ್ಪು ಬಿಳುಪು ಫೋಟೋ. ದಯವಿಟ್ಟು ಅವುಗಳಿಂದ ಶುರು ಮಾಡಬೇಡಿ. ಅದರಲ್ಲಿ ಅವನು ಯಾವಾಗಲೂ ಹಾರುತ್ತಿರುತ್ತಾನೆ, ಯಾರಿಂದ ಬಿಡಿಸಿಕೊಂಡು ಹಾರಿದ ಅನ್ನೋದೇ ಇರುವುದಿಲ್ಲ. ರೇಸಿನ ಹೆಸರು, ವರ್ಷ, ಆ ದಿನ ಮುಗಿದ ಊರಿನ ಹೆಸರು, ಈ ಮೂರನ್ನು ಕೂಡಿಸಿ ಹುಡುಕಿದರೆ ಉದ್ದದ ಪ್ರಸಾರ ಸಿಗುವ ಸಾಧ್ಯತೆ ಹೆಚ್ಚು. ಇಟಾಲಿಯನ್ ಕಾಮೆಂಟರಿ ಸಿಕ್ಕರೆ ಅದನ್ನೇ ಹಾಕಿ. ಒಂದು ಪದ ತಿಳಿಯದಿದ್ದರೂ ಪರವಾಗಿಲ್ಲ, ದನಿ ಏರಿದಾಗ ತಲೆ ಎತ್ತಿ ನೋಡಿ, ಅಷ್ಟು ಸಾಕು. ಆರು ತಾಸಿನ ಸ್ಟೇಜ್ ಪೂರ್ತಿ ನೋಡುವ ಅಗತ್ಯವಿಲ್ಲ, ಕೊನೆಯ ಅರವತ್ತು ಕಿಲೋಮೀಟರ್ ನೋಡಿ.

ಎಲ್ಲರೂ 1998ರಿಂದ ಶುರು ಮಾಡಿ ಅನ್ನುತ್ತಾರೆ. ನಾನು 1994 ಅನ್ನುತ್ತೇನೆ.

ಆ ವರ್ಷದ ಜಿರೋಗೆ ಬರುವಾಗ ಅವನು ವೃತ್ತಿಪರನಾಗಿ ಎರಡು ವರ್ಷವೂ ತುಂಬಿರಲಿಲ್ಲ. ಏಡ್ರಿಯಾಟಿಕ್ ಸಮುದ್ರದ ದಂಡೆಯ ಚೆಜೆನಾತಿಕೊದಲ್ಲಿ ಬೆಳೆದ ಹುಡುಗ, ಕರೇರಾ ತಂಡದಲ್ಲಿ ಕ್ಲಾವ್ದಿಯೊ ಕಿಯಾಪ್ಪುಚ್ಚಿ ಎಂಬ ದೊಡ್ಡ ಹೆಸರಿನವನ ಸಹಾಯಕ್ಕೆ ಇದ್ದವನು. ಜೂನ್ 4ಕ್ಕೆ ಮೆರಾನೊ ಊರಿನಲ್ಲಿ ಮುಗಿದ ಸ್ಟೇಜ್ ಗೆದ್ದ. ಮರುದಿನ ಜೂನ್ 5ಕ್ಕೆ ಅಪ್ರಿಕಾ. ಇದನ್ನು ಹಾಕಿ. ಸ್ಟೆಲ್ವಿಯೊ ಬೆಟ್ಟ ದಾಟಿ ಬಂದ ಮೇಲೆ ಮೊರ್ತಿರೊಲೊ ಎಂಬ ಏರು ಬರುತ್ತದೆ: 12 ಕಿಲೋಮೀಟರ್‌ಗೂ ಸ್ವಲ್ಪ ಹೆಚ್ಚು ಉದ್ದ, ಸರಾಸರಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಏರಿಕೆ, ಕೆಲವೆಡೆ ಹದಿನೆಂಟು. ಅಲ್ಲಿ ಅವನು ಗುಲಾಬಿ ಜೆರ್ಸಿಯ ರಷ್ಯನ್ ಎವ್ಗೆನಿ ಬೆರ್ಜಿನ್‌ನನ್ನು ಬಿಟ್ಟು ಹೋಗುತ್ತಾನೆ. ಇಳಿಜಾರು ಮುಗಿದ ಮೇಲೆ ಹಿಂದಿನಿಂದ ಮಿಗೆಲ್ ಇಂದುರೈನ್ ಬಂದು ಕೂಡುತ್ತಾನೆ. ಇಂದುರೈನ್ ಅಂದರೆ ಹಿಂದಿನ ಎರಡು ಜಿರೋ, ಹಿಂದಿನ ಮೂರು ಟೂರ್ ಗೆದ್ದಿದ್ದ ಸ್ಪೇನಿನ ದೈತ್ಯ. ಕೊನೆಗೊಂದು ಏರು ಬಾಕಿ, ಸಾಂತಾ ಕ್ರಿಸ್ತೀನಾ. ಅಲ್ಲಿ ವಿಡಿಯೋ ನಿಧಾನ ಮಾಡಿ ನೋಡಿ. ಪಂತಾನಿ ಎದ್ದು ನಿಲ್ಲುತ್ತಾನೆ, ಇಂದುರೈನ್ ಕೂತೇ ಇರುತ್ತಾನೆ. ಅಂತರ ಒಂದು ಸೈಕಲ್, ಎರಡು ಸೈಕಲ್, ಆಮೇಲೆ ಒಂದು ತಿರುವು. ಗಾಬರಿ ಇಲ್ಲ, ಜಗ್ಗಾಟ ಇಲ್ಲ. ಆ ಜಿರೋ ಅವನು ಗೆಲ್ಲಲಿಲ್ಲ, ಬೆರ್ಜಿನ್‌ಗಿಂತ 2 ನಿಮಿಷ 51 ಸೆಕೆಂಡ್ ಹಿಂದೆ ಎರಡನೆಯವನಾದ, ಇಂದುರೈನ್ ಮೂರನೆಯವನಾದ. ಆದರೆ ಇಟಲಿ ಅವನ ಹೆಸರು ಕಲಿತದ್ದು ಆ ಭಾನುವಾರ.

ಜೂನ್ 5, ಅಪ್ರಿಕಾ. ಈ ತಾರೀಖು, ಈ ಊರು ಚೀಟಿಯ ಹಿಂದೆ ಬರೆದಿಡಿ, ಆಮೇಲೆ ಬೇಕಾಗುತ್ತದೆ.

ಇನ್ನು ಕಣ್ಣು ಎಲ್ಲಿಡಬೇಕು ಅನ್ನೋದು. ಮೊದಲು ಕೈ ನೋಡಿ. ಏರು ಹತ್ತುವವರು ಸಾಮಾನ್ಯವಾಗಿ ಹ್ಯಾಂಡಲಿನ ಮೇಲ್ಭಾಗ ಹಿಡಿಯುತ್ತಾರೆ, ಇಲ್ಲವೇ ಬ್ರೇಕ್ ಲಿವರಿನ ಮೇಲೆ ಕೈ ಇಡುತ್ತಾರೆ. ಎದೆ ತೆರೆದುಕೊಂಡರೆ ಉಸಿರು ಸಲೀಸು. ಹ್ಯಾಂಡಲಿನ ಕೆಳಬಾಗು ಹಿಡಿಯುವುದು ಇಳಿಜಾರಿಗೆ, ಸ್ಪ್ರಿಂಟಿಗೆ. ಪಂತಾನಿ ಅದೇ ಕೆಳಬಾಗು ಹಿಡಿದು, ಸೀಟಿನಿಂದ ಎದ್ದು, ಬೆಟ್ಟ ಹತ್ತುತ್ತಾನೆ. ಬಯಲಿನ ಸ್ಪ್ರಿಂಟರ್ ಕೊನೆಯ ಇನ್ನೂರು ಮೀಟರ್ ಮಾಡುವುದನ್ನು ಇವನು ಮತ್ತೆ ಮತ್ತೆ ಎದ್ದು ನಿಂತು ಕಿಲೋಮೀಟರ್‌ಗಟ್ಟಲೆ ಮಾಡುತ್ತಾನೆ. ನಮ್ಮ ಮಕ್ಕಳಿಗೆ ಇದನ್ನು ತೋರಿಸಿ, ಹಾಗೇ ಮಾಡಬೇಡಿ ಅಂತಲೂ ಹೇಳುತ್ತೇನೆ. ಸೊಂಟ ಹಿಡಿದುಕೊಂಡರೆ ಆಮೇಲೆ ಬೈಸಿಕೊಳ್ಳುವವನು ನಾನು.

ಆಮೇಲೆ ತಲೆ ನೋಡಿ. 1998ರ ಹೊತ್ತಿಗೆ ತಲೆಗೆ ಬಂದಾನಾ ವಸ್ತ್ರ ಕಟ್ಟಿ, ಕಿವಿಗೆ ಓಲೆ ಹಾಕಿ, ಗಡ್ಡ ಬಿಟ್ಟು 'ಇಲ್ ಪಿರಾತಾ', ಕಡಲ್ಗಳ್ಳ, ಆಗಿದ್ದ. ಶುರುವಿನಲ್ಲಿ ಅವನ ದೊಡ್ಡ ಕಿವಿ ನೋಡಿ ಆನೆಮರಿ ಅನ್ನುತ್ತಿದ್ದರು, ಅವನಿಗೆ ಅದು ಹಿಡಿಸಲಿಲ್ಲ. ಏರಿನ ಮಧ್ಯೆ ಬಂದಾನಾ ಕಿತ್ತು ರಸ್ತೆ ಬದಿಗೆ ಎಸೆದ ಅಂದರೆ ಅಟ್ಯಾಕ್, ಉಳಿದವರನ್ನು ಬಿಟ್ಟು ಒಮ್ಮೆಲೇ ಮುನ್ನುಗ್ಗುವುದು, ಬಂತು ಅಂತ ಅರ್ಥ. ಟಿವಿ ಮುಂದಿನ ಜನಕ್ಕೂ ಗೊತ್ತು, ಪಕ್ಕದಲ್ಲಿ ಓಡಿಸುವ ಎದುರಾಳಿಗೂ ಗೊತ್ತು. ಗುಟ್ಟಾಗಿ ಹೊಡೆಯುವುದು ರೇಸಿನ ಬುದ್ಧಿ. ಇವನು ಹೇಳಿ ಹೊಡೆಯುತ್ತಿದ್ದ. ಜನ ಮರುಳಾದದ್ದಕ್ಕೆ ಗೆಲುವಿಗಿಂತ ಇದೇ ದೊಡ್ಡ ಕಾರಣ ಅಂತ ನನ್ನ ಎಣಿಕೆ.

ಮೂರನೆಯದು, ಎದುರಾಳಿಯ ಭುಜ. ಪಂತಾನಿಯನ್ನೇ ನೋಡುತ್ತಾ ಕೂತರೆ ಅವನು ಎಷ್ಟು ವೇಗ ಅನ್ನೋದು ತಿಳಿಯುವುದಿಲ್ಲ. ಪಕ್ಕದವನ ಭುಜ ಅಲುಗಾಡತೊಡಗಿದಾಗ ತಿಳಿಯುತ್ತದೆ.

1994ರ ನಂತರ ನೇರವಾಗಿ 1997ಕ್ಕೆ ಹಾರಿ, ಆದರೆ ನಡುವೆ ಏನಾಯಿತು ಅನ್ನೋದು ಗೊತ್ತಿರಲಿ. 1995ರ ಟೂರ್‌ನಲ್ಲಿ ಎರಡು ಸ್ಟೇಜ್ ಗೆದ್ದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಿಲಾನ್-ತೂರಿನ್ ರೇಸಿನ ಇಳಿಜಾರಿನಲ್ಲಿ, ರಸ್ತೆಯಲ್ಲಿ ಇರಲೇಬಾರದಿದ್ದ ವಾಹನವೊಂದು ಎದುರಿಗೆ ಬಂತು. ಕಾಲಿನ ಎರಡೂ ಮೂಳೆ ಮುರಿದವು. 1996 ಹೆಚ್ಚೂಕಡಿಮೆ ಪೂರ್ತಿ ಹೋಯಿತು. 1997ರ ಜಿರೋದಲ್ಲಿ ಬೆಕ್ಕೊಂದು ಅಡ್ಡ ಬಂದು ಬಿದ್ದು ಮನೆಗೆ ನಡೆದ. ನಮ್ಮಲ್ಲಿ ಬೆಕ್ಕು ಅಡ್ಡ ಬಂದರೆ ಎರಡು ನಿಮಿಷ ನಿಂತು ಹೋಗುತ್ತೇವೆ, ಗಂಟೆಗೆ ಐವತ್ತರಲ್ಲಿ ಇಳಿಯುವ ಬಂಚ್ ನಿಲ್ಲುವುದು ಎಲ್ಲಿಂದ ಬಂತು. ಎರಡು ತಿಂಗಳೊಳಗೆ ಟೂರ್‌ಗೆ ಬಂದು ಆಲ್ಪ್ ದ್ಯುಯೆಜ್ ಹತ್ತಿದ. ಇಪ್ಪತ್ತೊಂದು ತಿರುವಿನ ಆ ರಸ್ತೆಯಲ್ಲಿ ಅವತ್ತಿನ ಅವನ ಸಮಯ 37 ನಿಮಿಷ 35 ಸೆಕೆಂಡ್ ಅಂತ ಬಹಳ ಕಡೆ ಬರೆಯುತ್ತಾರೆ. ಎಲ್ಲಿಂದ ಗಡಿಯಾರ ಒತ್ತಿದರು ಅನ್ನೋದರ ಮೇಲೆ ಈ ಅಂಕಿ ಹೆಚ್ಚುಕಡಿಮೆ ಆಗುತ್ತದೆ, ಅದರ ಮೇಲೆ ಜಗಳಕ್ಕೆ ಕೂರಬೇಡಿ. ಆ ಟೂರ್ ಗೆದ್ದದ್ದು ಜರ್ಮನಿಯ ಯಾನ್ ಉಲ್ರಿಕ್. ಪಂತಾನಿ 14 ನಿಮಿಷ ಹಿಂದೆ, ಮೂರನೆಯ ಸ್ಥಾನ. ಹದಿನಾಲ್ಕು ನಿಮಿಷ! ಇದು ನೆನಪಿದ್ದರೆ ಮುಂದಿನ ವರ್ಷದ ಬೆಲೆ ತಿಳಿಯುತ್ತದೆ.

1998ರಲ್ಲಿ ಎರಡು ದಿನ ಸಾಕು. ಒಂದು ಜಿರೋದ ಮೊಂತೆಕಂಪಿಯೊನೆ ಏರು. ಚೀಟಿಯಲ್ಲಿ ಬರೆದುಕೊಳ್ಳಿ: ಬೆಳಿಗ್ಗೆ ಪಂತಾನಿ ಗುಲಾಬಿ ಜೆರ್ಸಿಯಲ್ಲಿ, ರಷ್ಯಾದ ಪಾವೆಲ್ ತೊಂಕೊವ್ ಬರೀ 27 ಸೆಕೆಂಡ್ ಹಿಂದೆ. ಮುಂದೆ ಟೈಮ್ ಟ್ರಯಲ್ ಇದೆ, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಸ್ಟೇಜ್ ಅದು, ಅದರಲ್ಲಿ ತೊಂಕೊವ್ ಗಟ್ಟಿ ಅಂತಲೇ ಎಲ್ಲರ ಲೆಕ್ಕ. ಅಂದರೆ ಆ ಏರಿನಲ್ಲಿ ಅವನನ್ನು ಉದುರಿಸದೆ ದಾರಿಯಿಲ್ಲ. ಪಂತಾನಿ ಹೊಡೆಯುತ್ತಾನೆ, ತೊಂಕೊವ್ ಬಿಡುವುದಿಲ್ಲ. ಮತ್ತೆ ಹೊಡೆಯುತ್ತಾನೆ, ಮತ್ತೆ ಅವನು ಚಕ್ರಕ್ಕೆ ಅಂಟಿಕೊಂಡೇ ಇರುತ್ತಾನೆ. ಇಲ್ಲಿ ವಿಡಿಯೋ ಮುಂದಕ್ಕೆ ಹಾರಿಸಬೇಡಿ, ಪೂರ್ತಿ ನೋಡಿ. ಕೊನೆಯ ಮೂರು ಕಿಲೋಮೀಟರ್ ಹತ್ತಿರ ತೊಂಕೊವ್‌ನ ಮುಂದಿನ ಚಕ್ರಕ್ಕೂ ಪಂತಾನಿಯ ಹಿಂದಿನ ಚಕ್ರಕ್ಕೂ ನಡುವೆ ಒಂದು ಗೇಣು ಜಾಗ ಬೀಳುತ್ತದೆ, ಅಷ್ಟೇ. ಅದು ಮತ್ತೆ ಮುಚ್ಚುವುದಿಲ್ಲ. ಗುರಿ ಮುಟ್ಟುವಷ್ಟರಲ್ಲಿ 57 ಸೆಕೆಂಡ್. ಟೈಮ್ ಟ್ರಯಲ್‌ನಲ್ಲೂ ತೊಂಕೊವ್‌ಗೆ ಸಮಯ ಬಿಟ್ಟುಕೊಡಲಿಲ್ಲ, 1 ನಿಮಿಷ 33 ಸೆಕೆಂಡ್ ಅಂತರದಿಂದ ಜಿರೋ ಗೆದ್ದ.

ಎರಡನೆಯದು ಟೂರ್‌ನ ಗಲಿಬಿಯೇ ಏರು. ಜುಲೈ 27, ಗ್ರೆನೋಬಲ್‌ನಿಂದ ಲೆ ಡ್ಯೂ ಆಲ್ಪ್‌ವರೆಗೆ 189 ಕಿಲೋಮೀಟರ್, ಮಳೆ, ಮಂಜು, ಮೈ ಮರಗಟ್ಟಿಸುವ ಚಳಿ. ಚೀಟಿ: ಹಳದಿ ಜೆರ್ಸಿ ಉಲ್ರಿಕ್, ಪಂತಾನಿ ನಾಲ್ಕನೆಯವನು, 3 ನಿಮಿಷ 1 ಸೆಕೆಂಡ್ ಹಿಂದೆ. ಗಲಿಬಿಯೇ 2,642 ಮೀಟರ್ ಎತ್ತರದ ಕಣಿವೆದಾರಿ. ತುದಿಗೆ ಇನ್ನೂ ಐದಾರು ಕಿಲೋಮೀಟರ್ ಇರುವಾಗ, ಅಂದರೆ ಗುರಿಗೆ ಸುಮಾರು ಐವತ್ತು ಕಿಲೋಮೀಟರ್ ಇರುವಾಗಲೇ, ಅವನು ಎದ್ದು ಹೋಗುತ್ತಾನೆ. ತಿಳಿದವರು ಅಷ್ಟು ದೂರದಿಂದ ಹೋಗುವುದಿಲ್ಲ. ಕ್ಯಾಮರಾದ ಗಾಜಿನ ಮೇಲೆ ನೀರು, ಚಿತ್ರ ಹರಿದು ಹರಿದು ಬರುತ್ತದೆ, ಬೋಳುತಲೆ ಮೇಲೆ ಮಳೆ. ಇಲ್ಲಿ ನೋಡಬೇಕಾದದ್ದು ಅಟ್ಯಾಕ್ ಮಾತ್ರ ಅಲ್ಲ, ತುದಿ ದಾಟಿದ ಮೇಲೆ ಅವನು ಮಳೆಯಂಗಿ ಹಾಕಿಕೊಳ್ಳುವುದು. ಬೆವರಿದ ಮೈಯಲ್ಲಿ ತಣ್ಣನೆಯ ಮಳೆಗೆ ಇಳಿಜಾರಿಗೆ ಬಿದ್ದರೆ ಕೈಬೆರಳು ಬ್ರೇಕ್ ಹಿಡಿಯುವುದಿಲ್ಲ, ತೊಡೆ ಕಲ್ಲಾಗುತ್ತದೆ. ಕೆಲವು ಸೆಕೆಂಡ್ ಕಳೆದುಕೊಂಡು ಅಂಗಿ ಹಾಕಿಕೊಂಡವನು ಮುಂದೆ ನಿಮಿಷಗಳನ್ನು ಉಳಿಸಿಕೊಳ್ಳುತ್ತಾನೆ. ನಮ್ಮ ಜೂನಿಯರ್‌ಗಳಿಗೆ ನಾನು ಇದೊಂದೇ ತುಣುಕನ್ನು ಮತ್ತೆ ಮತ್ತೆ ತೋರಿಸುವುದು.

ಹಿಂದೆ ಉಲ್ರಿಕ್‌ಗೆ ಚಳಿ ಮತ್ತು ಹಸಿವು ಎರಡೂ ಒಟ್ಟಿಗೆ ಹಿಡಿದಿದ್ದವು. ಕೊನೆಯ ಏರಿನ ಬುಡದಲ್ಲಿ ಪಂಕ್ಚರ್ ಬೇರೆ. ತಂಡದ ಬ್ಯಾರ್ನೆ ರೀಸ್, ಊಡೋ ಬೋಲ್ಟ್ಸ್ ಅವನನ್ನು ಎಳೆದುಕೊಂಡು ಬರುತ್ತಾರೆ. ಹಿಂದಿನ ವರ್ಷದ ಚಾಂಪಿಯನ್‌ನ ಮುಖ ಊದಿಕೊಂಡಂತೆ ಕಾಣುತ್ತದೆ. ಮೇಲೆ ಪಂತಾನಿ ಗೆರೆ ದಾಟುವಾಗ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಎರಡೂ ತೋಳು ಅಗಲಿಸುತ್ತಾನೆ. ವಿಡಿಯೋ ಅಲ್ಲಿಗೆ ನಿಲ್ಲಿಸಬೇಡಿ. ಗಡಿಯಾರ ಓಡುತ್ತಲೇ ಇರುತ್ತದೆ, ಉಲ್ರಿಕ್ ಬರುವವರೆಗೆ ಕಾಯಿರಿ. 8 ನಿಮಿಷ 57 ಸೆಕೆಂಡ್. ಆಗ ಚೀಟಿ ತೆಗೆದು ಕೂಡಿ ಕಳೆಯಿರಿ: ಬೆಳಿಗ್ಗೆ ಮೂರು ನಿಮಿಷ ಹಿಂದಿದ್ದವನು ಸಂಜೆ ಉಲ್ರಿಕ್‌ಗಿಂತ ಹೆಚ್ಚೂಕಡಿಮೆ ಆರು ನಿಮಿಷ ಮುಂದೆ. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ಬಾಯಲ್ಲಿ ಹೇಳಿದರೆ ನಾಟುವುದಿಲ್ಲ.

ಉಲ್ರಿಕ್ ಮರುದಿನವೇ ಎದ್ದು ಅಟ್ಯಾಕ್ ಮಾಡಿ ಆಲ್ಬರ್ವಿಲ್ ಸ್ಟೇಜ್ ಗೆದ್ದ ಅನ್ನೋದನ್ನೂ ಹೇಳಿ. ಸೋತವನ ಮರ್ಯಾದೆ ಅದು. ಪ್ಯಾರಿಸ್‌ನಲ್ಲಿ ಪಂತಾನಿ ಹಳದಿ ಬಣ್ಣ ಹಚ್ಚಿದ ಗಡ್ಡದಲ್ಲಿ ವೇದಿಕೆ ಹತ್ತಿದಾಗ ಅವನ ಕೈ ಎತ್ತಿ ಹಿಡಿದವರು ಫೆಲಿಚೆ ಜಿಮೊಂದಿ. 1965ರಲ್ಲಿ ಟೂರ್ ಗೆದ್ದ ಇಟಾಲಿಯನ್. ಅಲ್ಲಿಂದ ಮೂವತ್ಮೂರು ವರ್ಷ ಇಟಲಿಗೆ ಟೂರ್ ಬಂದಿರಲಿಲ್ಲ. ಒಂದೇ ವರ್ಷ ಜಿರೋ, ಟೂರ್ ಎರಡನ್ನೂ ಗೆಲ್ಲುವುದು ಪಂತಾನಿಯ ನಂತರ 2024ರವರೆಗೆ ಯಾರಿಂದಲೂ ಆಗಲಿಲ್ಲ.

ಇಲ್ಲಿಗೆ ಟಿವಿ ಆರಿಸಿ ಹುಡುಗರ ಹತ್ತಿರ ಮಾತಾಡಬೇಕು. ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ, ಗೆಲುವಿನ ಬಿಸಿ ಇರುವಾಗಲೇ ಆಡಬೇಕಾದ ಮಾತು.

ಅದೇ 1998ರ ಟೂರ್ ಶುರುವಾಗುವ ಮೊದಲು ಫೆಸ್ಟಿನಾ ತಂಡದ ಮಸಾಜ್ ಮಾಡುವವನ ಕಾರು ಬೆಲ್ಜಿಯಂ-ಫ್ರಾನ್ಸ್ ಗಡಿಯಲ್ಲಿ ಸಿಕ್ಕಿತು, ಕಾರಿನ ತುಂಬಾ ನಿಷೇಧಿತ ಔಷಧ. ತಂಡವನ್ನು ಹೊರಹಾಕಿದರು, ಪೊಲೀಸರು ಹೋಟೆಲುಗಳಿಗೆ ನುಗ್ಗಿದರು, ಸವಾರರು ರಸ್ತೆಯಲ್ಲಿ ಕೂತು ಮುಷ್ಕರ ಮಾಡಿದರು. ಹೊರಟವರು 189 ಮಂದಿ, ಪ್ಯಾರಿಸ್ ತಲುಪಿದವರು 96. ಆಗಿನ ಮುಖ್ಯ ಮದ್ದು ಇಪಿಒ. ರಕ್ತದಲ್ಲಿ ಕೆಂಪುಕಣ ಹೆಚ್ಚಿಸುತ್ತದೆ, ಕೆಂಪುಕಣ ಹೆಚ್ಚಿದರೆ ಸ್ನಾಯುವಿಗೆ ಆಮ್ಲಜನಕ ಹೆಚ್ಚು. ಆಗ ಅದನ್ನು ನೇರವಾಗಿ ಹಿಡಿಯುವ ಪರೀಕ್ಷೆ ಇರಲಿಲ್ಲ. ಅದಕ್ಕೇ 1997ರಿಂದ ಒಂದು ಮಿತಿ ಹಾಕಿದ್ದರು: ರಕ್ತದಲ್ಲಿ ಕೆಂಪುಕಣದ ಪಾಲು, ಹೆಮಟೊಕ್ರಿಟ್, ನೂರಕ್ಕೆ 50 ದಾಟಿದರೆ ರೇಸ್‌ನಿಂದ ಹದಿನೈದು ದಿನ ಹೊರಗೆ. ರಕ್ತ ಗಟ್ಟಿಯಾದರೆ ಹೃದಯಕ್ಕೆ ಅಪಾಯ, ಅದಕ್ಕೆ ಇದು ಆರೋಗ್ಯದ ಕ್ರಮ ಅಂತ ಹೆಸರು. 2013ರಲ್ಲಿ ಫ್ರಾನ್ಸಿನ ಸೆನೆಟ್ ವರದಿ ಬಂತು. 1998ರ ಟೂರ್‌ನ ಉಳಿದ ಮಾದರಿಗಳನ್ನು ಆಮೇಲೆ ಪರೀಕ್ಷಿಸಿದಾಗ ಇಪಿಒ ಸಿಕ್ಕವರಲ್ಲಿ ಪಂತಾನಿ ಇದ್ದ, ಉಲ್ರಿಕ್ ಇದ್ದ. ಮೂರನೆಯ ಸ್ಥಾನದ ಅಮೆರಿಕನ್ ಬಾಬಿ ಜೂಲಿಕ್ ತಾನು ತಗೊಂಡದ್ದನ್ನು ಅದಕ್ಕೂ ಮೊದಲೇ ಒಪ್ಪಿಕೊಂಡಿದ್ದ.

ಇದನ್ನು ಕೇಳಿದ ಕೂಡಲೇ ಮಕ್ಕಳು ಎರಡು ಪಾಳಿ ಆಗುತ್ತಾರೆ. ಒಂದು ಪಾಳಿ: "ಹಂಗಾರ ಎಲ್ಲಾ ಸುಳ್ಳೇನ್ರೀ?" ಇನ್ನೊಂದು: "ಎಲ್ಲಾರೂ ತಗೊಂಡಿದ್ರಲ್ಲ, ಲೆಕ್ಕ ಸಮ ಆತಲ್ರೀ." ಎರಡನೆಯದನ್ನು ನಾನು ಅಲ್ಲೇ ತಡೆಯುತ್ತೇನೆ. ಒಂದೇ ಮದ್ದು ಎಲ್ಲರ ಮೈಗೂ ಒಂದೇ ಸಮ ಕೆಲಸ ಮಾಡುವುದಿಲ್ಲ. ಹುಟ್ಟಿನಿಂದ ಕೆಂಪುಕಣ 48 ಇದ್ದವನಿಗೆ ಮಿತಿಯೊಳಗೆ ಏರಿಸಲು ಜಾಗವೇ ಇಲ್ಲ, 41 ಇದ್ದವನಿಗೆ ಬೇಕಾದಷ್ಟು ಇದೆ. ಇನ್ನು ಏನೂ ತಗೊಳ್ಳದೆ ನಲವತ್ತನೆಯವನಾಗಿ ಬಂದು, ಗುತ್ತಿಗೆ ಸಿಗದೆ ಮನೆಗೆ ಹೋದವನ ಹೆಸರು ಯಾರಿಗೂ ಗೊತ್ತಿಲ್ಲ. ಅವನ ಮುಂದೆ ಲೆಕ್ಕ ಸಮ ಅನ್ನಲಾದೀತೇ? ಮೊದಲ ಪಾಳಿಗೆ ನನ್ನ ಹತ್ತಿರ ಅಷ್ಟು ನೇರ ಉತ್ತರವಿಲ್ಲ. ಗಲಿಬಿಯೇಯ ಮಳೆ ಸುಳ್ಳಲ್ಲ, ಮಳೆಯಂಗಿ ಹಾಕಿಕೊಂಡ ಬುದ್ಧಿ ಸುಳ್ಳಲ್ಲ, ಸಮಯ ಮಾತ್ರ ನಂಬುವಂಥದ್ದಲ್ಲ. ಅದಕ್ಕೇ ಆ ಕಾಲದ ಏರಿನ ಸಮಯಗಳನ್ನು ತಂದು ನಿಮ್ಮ ತರಬೇತಿಗೆ ಅಳತೆಗೋಲು ಮಾಡಿಕೊಳ್ಳಬೇಡಿ. ಅವನ ಗೇರು, ಅವನು ಹೊಡೆಯಲು ಆರಿಸಿಕೊಂಡ ಹೊತ್ತು, ಅವನ ಧೈರ್ಯ ನೋಡಿ ಕಲಿಯಿರಿ, ಅವನ ಗಡಿಯಾರ ಬಿಡಿ.

ಇಷ್ಟಾದ ಮೇಲೆ ಜಿರೋದ ಒರೋಪಾ ಸ್ಟೇಜ್ ಹಾಕಿ. 1999ರ ಮೇ 30. ಗುಲಾಬಿ ಜೆರ್ಸಿಯಲ್ಲಿದ್ದಾನೆ, ಕೊನೆಯ ಏರು, ಗುರಿಗೆ ಎಂಟು ಕಿಲೋಮೀಟರ್ ಆಸುಪಾಸು. ಚೈನ್ ಬಿದ್ದುಹೋಗುತ್ತದೆ. ಇಳಿದು ಕೈಯಿಂದ ಹಾಕುವಷ್ಟರಲ್ಲಿ ಇಡೀ ಮುಂದಿನ ಗುಂಪು ದಾಟಿ ಹೋಗಿರುತ್ತದೆ. ನಾನು ದಿನಕ್ಕೆ ಎಷ್ಟೋ ಚೈನ್ ಹಾಕುವವನು, ಅಂಗಡಿಯಲ್ಲಿ ಅದು ಎರಡು ಸೆಕೆಂಡಿನ ಕೆಲಸ. ನಾಡಿ ನೂರ ಎಂಬತ್ತರಲ್ಲಿ ಬಡಿಯುವಾಗ ಕೈ ಮಾತು ಕೇಳುವುದಿಲ್ಲ. ಅವನ ಮುಖ ನೋಡಿ, ಬೈಗುಳ ಇಲ್ಲ, ಸೈಕಲ್ ಎಸೆಯುವುದಿಲ್ಲ. ತಂಡದವರು ಕಾದು ನಿಂತು ಎಳೆಯುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಹಿಂದಿಕ್ಕುತ್ತಾ ಹೋಗುತ್ತಾನೆ. 49 ಜನರನ್ನು ದಾಟಿದ ಅಂತ ಇಟಲಿಯವರು ಲೆಕ್ಕ ಇಟ್ಟಿದ್ದಾರೆ. ಕೊನೆಗೆ ಫ್ರಾನ್ಸಿನ ಲೊರಾಂ ಜಲಾಬೆರ್‌ನನ್ನೂ ದಾಟಿ ಗೆರೆ ಮುಟ್ಟುತ್ತಾನೆ, ಆದರೆ ಕೈ ಎತ್ತುವುದಿಲ್ಲ. ಮುಂದೆ ಇನ್ನೂ ಯಾರಾದರೂ ಇದ್ದಾರೇನೋ ಎಂಬ ಅನುಮಾನ ಅವನಿಗೆ.

ಒರೋಪಾದ ಮುಂದಿನ ವಾರಾಂತ್ಯದ ಕಥೆಗೆ ವಿಡಿಯೋ ಬೇಕಿಲ್ಲ, ಚೀಟಿ ತಿರುಗಿಸಿ. ಜೂನ್ 4ಕ್ಕೆ ಮಡೋನ್ನಾ ದಿ ಕಂಪಿಲ್ಯೊದಲ್ಲಿ ಆ ಜಿರೋದ ನಾಲ್ಕನೆಯ ಸ್ಟೇಜ್ ಗೆದ್ದ. ಐದು ನಿಮಿಷಕ್ಕೂ ಹೆಚ್ಚು ಮುಂದಿದ್ದ. ಉಳಿದದ್ದು ಎರಡೇ ದಿನ. ಜೂನ್ 5ರ ಬೆಳಿಗ್ಗೆ ರಕ್ತಪರೀಕ್ಷೆ, ಹೆಮಟೊಕ್ರಿಟ್ ಮಿತಿ ಮೀರಿತ್ತು, ರೇಸ್‌ನಿಂದ ಹೊರಗೆ. ಅವತ್ತಿನ ಸ್ಟೇಜ್ ಮುಗಿಯಬೇಕಿದ್ದದ್ದು ಎಲ್ಲಿ ಗೊತ್ತೇ? ಮೊರ್ತಿರೊಲೊ ದಾಟಿ ಅಪ್ರಿಕಾದಲ್ಲಿ. ಐದು ವರ್ಷದ ಹಿಂದೆ ಅದೇ ತಾರೀಖಿಗೆ ಅದೇ ಊರಿನಲ್ಲಿ ಅವನ ಹೆಸರು ಹುಟ್ಟಿತ್ತು. ಇವಾನ್ ಗೊತ್ತಿ ಎಂಬ ಇಟಾಲಿಯನ್ ಆ ಜಿರೋ ಗೆದ್ದ.

ಇಟಲಿಯಲ್ಲಿ ಇದರ ಮೇಲಿನ ವಾದ ಇನ್ನೂ ಮುಗಿದಿಲ್ಲ. ಯಾರೋ ಬೇಕೆಂದೇ ಸಿಕ್ಕಿಸಿದರು, ಜೂಜುಕೋರರ ಕೈವಾಡ ಇತ್ತು ಅನ್ನುವವರಿದ್ದಾರೆ. ತಾಯಿ ತೊನೀನಾ ಮಗನ ಪರ ಹೋರಾಡುತ್ತಲೇ ಬಂದರು, ತನಿಖೆ ಮತ್ತೆ ತೆರೆಯಿತು, ಮುಚ್ಚಿತು, ಯಾರ ತಪ್ಪೂ ನ್ಯಾಯಾಲಯದಲ್ಲಿ ಸಾಬೀತಾಗಲಿಲ್ಲ. ಈ ಸುಳಿಗೆ ಬಿದ್ದರೆ ಹೊರಬರುವುದು ಕಷ್ಟ. ಹೊಸಬರಿಗೆ ನನ್ನ ಸಲಹೆ, ರೇಸ್ ಎಲ್ಲ ನೋಡಿ ಮುಗಿಸಿದ ಮೇಲೆ ಬೇಕಿದ್ದರೆ ಓದಿ.

ನಂತರದ ವರ್ಷಗಳನ್ನು ಬೇಗ ದಾಟಬಹುದು. 2000ದ ಟೂರ್‌ನಲ್ಲಿ ಮೊಂ ವಾಂತು ಬೆಟ್ಟದ ಮೇಲೆ ಲಾನ್ಸ್ ಆರ್ಮ್‌ಸ್ಟ್ರಾಂಗ್ ಪಕ್ಕದಲ್ಲಿ ಗೆದ್ದ. ತಾನೇ ಬಿಟ್ಟುಕೊಟ್ಟೆ ಅಂತ ಆರ್ಮ್‌ಸ್ಟ್ರಾಂಗ್ ಹೇಳಿದ್ದು ಅವನಿಗೆ ಉರಿಯಿತು. ಮೂರು ದಿನದ ಮೇಲೆ ಕೂರ್ಶೆವೆಲ್‌ನಲ್ಲಿ ಯಾರ ದಯೆಯೂ ಇಲ್ಲದೆ ಒಬ್ಬನೇ ಗೆದ್ದ. ಅದೇ ಅವನ ಕೊನೆಯ ಗೆಲುವು. 2003ರ ಜಿರೋದಲ್ಲಿ 14ನೆಯವನು. ಆ ಜಿರೋದ ಕಾಸ್ಕಾತಾ ದೆಲ್ ತೋಚೆ ಸ್ಟೇಜ್ ಸಿಕ್ಕರೆ ನೋಡಿ: ಹಳೆಯ ರೀತಿಯಲ್ಲೇ ಎದ್ದು ಹೋಗುತ್ತಾನೆ, ಈ ಸಲ ಹಿಂದಿನವರು ಬಂದು ಹಿಡಿಯುತ್ತಾರೆ, ಗೆದ್ದವನು ಜಿಲ್ಬೆರ್ತೊ ಸಿಮೋನಿ. ಕಾಮೆಂಟರಿಯವರ ದನಿ ಮಾತ್ರ 1998ರಷ್ಟೇ ಏರುತ್ತದೆ. 2004ರ ಫೆಬ್ರವರಿ 14ಕ್ಕೆ ರಿಮಿನಿಯ ಹೋಟೆಲ್ ಕೋಣೆಯಲ್ಲಿ ಶವ ಸಿಕ್ಕಿತು, ಕೊಕೇನ್ ಅತಿಯಾಗಿ. ಮೂವತ್ತನಾಲ್ಕು ವಯಸ್ಸು. ಹದಿನೈದು ಹದಿನಾರರ ಮಕ್ಕಳಿಗೆ ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಬಣ್ಣ ಹಚ್ಚಿ ಹೇಳುವುದರಲ್ಲೂ ಇಲ್ಲ.

ಅವನ ಜನಪ್ರಿಯತೆ ಈಗ ಎಷ್ಟು ಉಳಿದಿದೆ ಅಂತ ಅಳೆಯಬೇಕಾದರೆ ಜಿರೋ ನಡೆಯುವ ಮೇ ತಿಂಗಳಲ್ಲಿ ಬೆಟ್ಟದ ಸ್ಟೇಜ್ ನೇರ ಪ್ರಸಾರ ನೋಡಿ. ಪ್ರತಿ ವರ್ಷ ಒಂದು ಏರನ್ನು ಪಂತಾನಿಯ ನೆನಪಿಗೆ ಮೀಸಲಿಡುತ್ತಾರೆ. ಹೆಲಿಕಾಪ್ಟರ್ ಕ್ಯಾಮರಾ ರಸ್ತೆ ತೋರಿಸುವಾಗ ಡಾಂಬರಿನ ಮೇಲಿನ ಅಕ್ಷರ ಓದಿ. ಅವನ ಹೆಸರು ಬರೆಯುವ ಹುಡುಗರಲ್ಲಿ ಎಷ್ಟೋ ಮಂದಿ ಅವನು ಸತ್ತ ಮೇಲೆ ಹುಟ್ಟಿದವರು. 2024ರಲ್ಲಿ ಟೂರ್ ಮೊದಲ ಸಲ ಇಟಲಿಯಿಂದ ಶುರುವಾದಾಗ ಎರಡನೆಯ ದಿನದ ಸ್ಟೇಜ್ ಹೊರಟದ್ದು ಚೆಜೆನಾತಿಕೊದಿಂದ, ಅವನ ಊರಿನಿಂದ. ಆ ಕಡೆ ಹೋಗುವ ಯೋಗ ನಿಮಗಿದ್ದರೆ ರೈಲು ನಿಲ್ದಾಣದ ಪಕ್ಕದಲ್ಲೇ ಅವನ ಮ್ಯೂಸಿಯಂ ಇದೆ. ಒಳನಾಡಿನಲ್ಲಿ ಕರ್ಪೆನ್ಯಾ ಎಂಬ ಏರಿದೆ, ಅವನ ಅಭ್ಯಾಸದ ಬೆಟ್ಟ. ಸುಮಾರು ಆರು ಕಿಲೋಮೀಟರ್, ಆದರೆ ಸರಾಸರಿ ನೂರಕ್ಕೆ ಹತ್ತರ ಏರಿಕೆ. ಬಯಲಿನ ಗೇರ್ ಹಾಕಿಕೊಂಡು ಹೋಗಬೇಡಿ, ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಲುಚಕ್ರವಿರುವ ಗೇರುಗಳ ಗೊಂಚಲು, ಕ್ಯಾಸೆಟ್, ಹಾಕಿಸಿಕೊಂಡು ಹೋಗಿ.

ಇದೆಲ್ಲ ಆದ ಮೇಲೆ ಈ ಕಾಲದ್ದನ್ನು ಪಕ್ಕಕ್ಕಿಟ್ಟು ನೋಡುವ ಆಸೆಯಿದ್ದರೆ 2024ರ ಜಿರೋದ ಎರಡನೆಯ ಸ್ಟೇಜ್ ಹಾಕಿ. ಅದೇ ಒರೋಪಾ. ಸ್ಲೊವೇನಿಯಾದ ತಾದೇಯ್ ಪೊಗಾಚರ್‌ಗೆ ಏರಿನ ಬುಡದ ಹತ್ತಿರ ಪಂಕ್ಚರ್ ಆಗುತ್ತದೆ, ಬೀಳುತ್ತಾನೆ, ಎದ್ದು ಬಂದು ಗೆಲ್ಲುತ್ತಾನೆ. ಅದೇ ವರ್ಷ ಜಿರೋ, ಟೂರ್ ಎರಡನ್ನೂ ಗೆದ್ದವನು ಅವನೇ. 1999ರ ಒರೋಪಾ ಮೊದಲು, 2024ರದ್ದು ಆಮೇಲೆ, ಮತ್ತು ಎರಡರಲ್ಲೂ ಕೈ ನೋಡಿ. ಇಟಾಲಿಯನ್ನೇ ಬೇಕು ಅಂದರೆ ವಿಂಚೆನ್ಸೊ ನಿಬಾಲಿ ಇದ್ದಾನೆ. ಪಂತಾನಿಯ ನಂತರ ಟೂರ್ ಗೆದ್ದ ಮೊದಲ ಇಟಾಲಿಯನ್, 2014ರಲ್ಲಿ. ಆ ಟೂರ್‌ನ ಒತಾಕಾಮ್ ಸ್ಟೇಜ್‌ನಿಂದ ಶುರು ಮಾಡಿ. ಅವನದು ಬೇರೆ ಗುಣ, ಏರಿನಷ್ಟೇ ಇಳಿಜಾರಿನಲ್ಲೂ ಚೆಂದ. ಬ್ರೇಕ್ ಹಿಡಿಯಲು ಹೆದರುವ ಮಕ್ಕಳಿಗೆ, ಬ್ರೇಕ್ ಬಿಡಲು ಹೆದರುವ ಮಕ್ಕಳಿಗೆ, ಇಬ್ಬರಿಗೂ ನಾನು ಅವನನ್ನೇ ತೋರಿಸುತ್ತೇನೆ.